ತಿಪ್ಪೆಯ ಲೆಕ್ಕ: ಹೊಲಕ್ಕೆ ಹೊಡೆದ ಗೊಬ್ಬರ ಎಲ್ಲಿಗೆ ಹೋಯಿತು?



ಸುಗ್ಗಿಯಾದ ಮೇಲೆ ಕಾಳಿನ ಲೆಕ್ಕ ಪ್ರತಿ ಮನೆಯಲ್ಲೂ ಆಗುತ್ತದೆ. ಕಣದಿಂದ ಇಷ್ಟು ಮೂಟೆ ಬಂತು, ಬಿತ್ತನೆಗೆ ಇಷ್ಟು ಎತ್ತಿಟ್ಟೆವು, ಊಟಕ್ಕೆ ಇಷ್ಟು, ಮಾರಿದ್ದು ಇಷ್ಟು. ಎರಡು ಸೇರು ಕಡಿಮೆ ಬಂದರೂ ಇಲಿ ತಿಂತೋ, ಕಳ್ಳ ಒಯ್ದನೋ ಎಂದು ಹುಡುಕುತ್ತೇವೆ. ಆದರೆ ತಿಪ್ಪೆಯ ಲೆಕ್ಕ ಯಾರು ಇಡುತ್ತಾರೆ? ವರ್ಷವಿಡೀ ಕೊಟ್ಟಿಗೆ ಬಾಚಿ, ಸಗಣಿ ಹೊತ್ತು, ತಿಪ್ಪೆ ತುಂಬಿ, ಬೇಸಿಗೆಯಲ್ಲಿ ಗೊಬ್ಬರವನ್ನು ಹೊಲಕ್ಕೆ ಹೊಡೆಯುತ್ತೇವೆ. ಅದರ ಸತ್ವದಲ್ಲಿ ಪೈರಿಗೆ ಸೇರಿದ್ದೆಷ್ಟು, ಮಣ್ಣಿನಲ್ಲಿ ಉಳಿದದ್ದೆಷ್ಟು, ಕೈತಪ್ಪಿ ಹೋದದ್ದೆಷ್ಟು?

ಈ ಪ್ರಶ್ನೆಯನ್ನು ಕೇಳಿ, ಉತ್ತರಕ್ಕಾಗಿ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರಿದ್ದಾರೆ. ಇವತ್ತು ಅವರ ಕಥೆಯನ್ನು ಹೇಳುತ್ತೇವೆ, ಕೇಳಿ. ಹುಡುಕಿ ಹುಡುಕಿ ಕೊನೆಗೆ ಅವರ ಕೈಗೆ ಸಿಕ್ಕ ಕಳ್ಳರಲ್ಲಿ ಒಬ್ಬ, ಕಣ್ಣಿಗೆ ಕಾಣದ ಒಂದು ಅನಿಲ. ಅದು ಹೊಲದ ಸತ್ವವನ್ನು ಒಯ್ಯುವುದಲ್ಲದೆ ಭೂಮಿಯ ಹವೆಯನ್ನೂ ಬಿಸಿ ಮಾಡುತ್ತದೆ.

ತಕ್ಕಡಿ ಹಿಡಿದವರು

ಫ್ರಾನ್ಸ್ ದೇಶದ ಅಲ್ಸೇಸ್ ಸೀಮೆಯಲ್ಲಿ ಬೂಸಿಂಗೋ ಎಂಬ ರಸಾಯನ ಶಾಸ್ತ್ರಜ್ಞರಿದ್ದರು. 1830ರ ದಶಕದಲ್ಲಿ ಅವರು ಹೊಲದಲ್ಲೇ ತಕ್ಕಡಿ ಹಿಡಿದು ನಿಂತರು. ಹೊಲಕ್ಕೆ ಹೋದ ಗೊಬ್ಬರವನ್ನು ತೂಗಿದರು, ಮನೆಗೆ ಬಂದ ಬೆಳೆಯನ್ನು ತೂಗಿದರು, ಎರಡರಲ್ಲೂ ಇರುವ ಸಾರಜನಕವನ್ನು ಅಳೆದರು. ಸಾರಜನಕವೆಂದರೆ ಪೈರಿನ ಎಲೆಗೆ ಹಸಿರು, ಕಾಳಿಗೆ ಕಸುವು ಕೊಡುವ ವಸ್ತು. ಯೂರಿಯಾ ಚೀಲದಲ್ಲಿ ನಾವು ದುಡ್ಡು ಕೊಟ್ಟು ತರುವುದೂ ಅದನ್ನೇ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರರು ಈ ಲೆಕ್ಕವನ್ನು ಇನ್ನೂ ಮುಂದಕ್ಕೆ ಒಯ್ದರು. ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನ ಶಾಸ್ತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡು, 1843ರಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿಯ ಪ್ರಯೋಗ ಹೂಡಿದರು. ಒಂದು ಪಟ್ಟಿಗೆ ಏನೂ ಹಾಕುವಂತಿಲ್ಲ. ಒಂದು ಪಟ್ಟಿಗೆ ಪ್ರತಿವರ್ಷ ಕೊಟ್ಟಿಗೆ ಗೊಬ್ಬರ. ಉಳಿದ ಪಟ್ಟಿಗಳಿಗೆ ಬಗೆಬಗೆಯ ರಾಸಾಯನಿಕ ಗೊಬ್ಬರ. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ.

ಕೊಟ್ಟಿಗೆ ಗೊಬ್ಬರ ಎಷ್ಟು ಹಾಕಿದರು ಅಂತೀರಾ? ಎಕರೆಗೆ ಸುಮಾರು 14 ಟನ್. ಎತ್ತಿನ ಗಾಡಿಗೆ ಅರ್ಧ ಟನ್ ಎಂದು ಹಿಡಿದರೆ 28 ಗಾಡಿ! ಅದೂ ವರ್ಷ ವರ್ಷವೂ. ಅದರಲ್ಲಿದ್ದ ಸಾರಜನಕ ಎಕರೆಗೆ 90 ಕೆಜಿಗೂ ಮೇಲು. ಗೋಧಿ ಚೆನ್ನಾಗಿಯೇ ಬಂತು. ನೂರು ವರ್ಷಕ್ಕೂ ಮೇಲಾದಾಗ ಆ ಪಟ್ಟಿಯ ಮಣ್ಣಿನ ಸಾವಯವ ಅಂಶ, ಏನೂ ಹಾಕದ ಪಟ್ಟಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಆದರೆ ಬೆಳೆ ಒಯ್ದದ್ದನ್ನೂ ಮಣ್ಣಿನಲ್ಲಿ ಉಳಿದದ್ದನ್ನೂ ಕೂಡಿಸಿ ನೋಡಿದರೆ, ಹಾಕಿದ್ದಕ್ಕೆ ಸರಿಹೊಂದಲಿಲ್ಲ. ದೊಡ್ಡ ಪಾಲೊಂದು ಕಾಣೆಯಾಗಿತ್ತು.

ಆ ಹೊಲದಲ್ಲಿ ನೀರು ನಿಲ್ಲದಿರಲೆಂದು 1849ರಲ್ಲಿ ನೆಲದೊಳಗೆ ಮಣ್ಣಿನ ಕೊಳವೆ ಹೂಳಿದ್ದರು. ಆ ಕೊಳವೆಯಿಂದ ಬರುವ ನೀರನ್ನು ಹಿಡಿದು ಆಗಸ್ಟಸ್ ವೋಲ್ಕರ್ ಎಂಬ ರಸಾಯನ ಶಾಸ್ತ್ರಜ್ಞರು ಪರೀಕ್ಷಿಸಿದರು. ಮಳೆ ಬಂದಾಗ ಸಾರಜನಕವು ನೈಟ್ರೇಟ್ ರೂಪದಲ್ಲಿ ನೀರಿನೊಡನೆ ಕೆಳಗೆ ಇಳಿದುಹೋಗುತ್ತಿತ್ತು. ಒಬ್ಬ ಕಳ್ಳ ಸಿಕ್ಕಿದ. ಆದರೆ ಗೊಬ್ಬರದ ಪಟ್ಟಿಯ ಲೆಕ್ಕ ಅಷ್ಟಕ್ಕೂ ಸರಿಯಾಗಲಿಲ್ಲ. ಹಾಗಾದರೆ ಉಳಿದದ್ದು ಗಾಳಿಗೆ ಹೋಗಿರಬೇಕು. ಗಾಳಿಗೆ ಒಯ್ದವರು ಯಾರು?

ಮಣ್ಣಿನೊಳಗಿನ ಆಳುಗಳು

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಒಂದು ಸರಳ ಪ್ರಯೋಗ ಮಾಡಿದರು. ಉದ್ದನೆಯ ಕೊಳವೆಗೆ ಮರಳು ಮತ್ತು ಸುಣ್ಣದ ಕಲ್ಲಿನ ಪುಡಿ ತುಂಬಿ, ಅದರ ಮೇಲೆ ಚರಂಡಿಯ ನೀರನ್ನು ಹನಿಹನಿಯಾಗಿ ಬಿಟ್ಟರು. ಮೊದಮೊದಲು ಹೋದ ನೀರೇ ಹಾಗೆಯೇ ಹೊರಬಂತು. ಕೆಲವು ದಿನ ಕಳೆದ ಮೇಲೆ ಕೊಳಕಿನಲ್ಲಿದ್ದ ಅಮೋನಿಯ ಮಾಯವಾಗಿ, ಅದರ ಜಾಗದಲ್ಲಿ ನೈಟ್ರೇಟ್ ಬರತೊಡಗಿತು. ಆಮೇಲೆ ಕೊಳವೆಯೊಳಕ್ಕೆ ಕ್ಲೋರೋಫಾರಂ ಹಬೆ ಬಿಟ್ಟರು. ತಕ್ಷಣ ಕೆಲಸ ನಿಂತಿತು. ಸ್ವಲ್ಪ ಮಣ್ಣು ತೊಳೆದ ನೀರು ಹಾಕಿದರು. ಮತ್ತೆ ಕೆಲಸ ಶುರುವಾಯಿತು! ಕ್ಲೋರೋಫಾರಂಗೆ ಮೂರ್ಛೆ ಹೋಗುವುದು ಜೀವವಿರುವ ವಸ್ತು ತಾನೆ? ಹೀಗೆ, ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆ, ಗೊಬ್ಬರವನ್ನು ಪೈರು ತಿನ್ನುವಂತೆ ಮಾಡುವ ಅಡುಗೆಯವರು ಅವೇ ಎಂಬುದು ಗೊತ್ತಾಯಿತು.

ಅಡುಗೆಯವರು ಇದ್ದಂತೆ ಕದಿಯುವವರೂ ಇದ್ದರು. 1880ರ ದಶಕದಲ್ಲಿ ಬೋರ್ಡೋ ಪಟ್ಟಣದ ಗೇಯಾನ್ ಮತ್ತು ದ್ಯೂಪೆಟಿ ಎಂಬವರು ಬೇರೊಂದು ಜಾತಿಯ ಜೀವಾಣುಗಳನ್ನು ಹಿಡಿದು ತೋರಿಸಿದರು. ಇವು ಉಸಿರಾಡಲು ಗಾಳಿ ಸಿಗದಾಗ ನೈಟ್ರೇಟನ್ನೇ ಒಡೆದು, ಅದರಲ್ಲಿರುವ ಆಮ್ಲಜನಕವನ್ನು ತೆಗೆದುಕೊಂಡು ಬದುಕುತ್ತವೆ. ಆಗ ಸಾರಜನಕ ಅನಿಲವಾಗಿ ಮೇಲಕ್ಕೆ ಹಾರುತ್ತದೆ. ನೆಲದಲ್ಲಿ ನೀರು ನಿಂತು ಗಾಳಿಯಾಡದಿದ್ದರೆ, ತಿನ್ನಲು ಹಸಿ ಸಗಣಿ ಹುಲ್ಲುಕಡ್ಡಿ ಧಾರಾಳವಾಗಿದ್ದರೆ, ಇವುಗಳಿಗೆ ಹಬ್ಬ.

ಗೊಬ್ಬರದ ಮೇಲೆ ಬಂದ ಅಪವಾದ

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ನಡೆಯಿತು. 1895ರ ಸುಮಾರಿಗೆ ಜರ್ಮನಿಯ ಪೌಲ್ ವಾಗ್ನರ್ ಎಂಬ ಹೆಸರಾಂತ ವಿಜ್ಞಾನಿ ಕುಂಡಗಳಲ್ಲಿ ಪರೀಕ್ಷೆ ಮಾಡಿ, ಹಸಿ ಸಗಣಿ ಗೊಬ್ಬರ ಹಾಕಿದರೆ ಅದು ಮಣ್ಣಿನ ನೈಟ್ರೇಟನ್ನು ಹಾಳು ಮಾಡುತ್ತದೆ ಎಂದು ಸಾರಿದರು. ರೈತರಲ್ಲಿ ಗಾಬರಿ ಹುಟ್ಟಿತು. ಅಪ್ಪ ಅಜ್ಜಂದಿರ ಕಾಲದಿಂದ ಹಾಕಿಕೊಂಡು ಬಂದ ಗೊಬ್ಬರವೇ ಹೊಲಕ್ಕೆ ಶತ್ರುವೇ?

ರಾಥಮ್‌ಸ್ಟೆಡ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ರಾಬರ್ಟ್ ವಾರಿಂಗ್ಟನ್ ಅವರು 1897ರಲ್ಲಿ ಇದಕ್ಕೆ ಉತ್ತರ ಬರೆದರು. ನಷ್ಟವೇನೋ ನಿಜ, ಆದರೆ ಆ ಕುಂಡಗಳಲ್ಲಿ ಹಾಕಿದ ಗೊಬ್ಬರದ ಪ್ರಮಾಣ ಯಾವ ರೈತನೂ ಹೊಲಕ್ಕೆ ಹಾಕದಷ್ಟು ಹೆಚ್ಚು, ವಾಡಿಕೆಯ ಪ್ರಮಾಣದಲ್ಲಿ ಹಾಕಿದರೆ ಅಷ್ಟು ಭಯಪಡಬೇಕಾದ್ದಿಲ್ಲ ಎಂಬುದು ಅವರ ವಾದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ದೋಷ ಗೊಬ್ಬರದ್ದಲ್ಲ, ಪ್ರಮಾಣದ್ದು ಮತ್ತು ಪದ್ಧತಿಯದು.

ಗೊಬ್ಬರದ ಪರವಾಗಿ ಇನ್ನೊಂದು ಸಾಕ್ಷಿ ರಾಥಮ್‌ಸ್ಟೆಡ್‌ನ ಹೂಸ್‌ಫೀಲ್ಡ್ ಹೊಲದಲ್ಲಿದೆ. ಅಲ್ಲಿ ಬಾರ್ಲಿಯ ಒಂದು ಪಟ್ಟಿಗೆ 1852ರಿಂದ 1871ರ ವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿ, ಆಮೇಲೆ ನಿಲ್ಲಿಸಿಬಿಟ್ಟರು. ಇಪ್ಪತ್ತು ವರ್ಷದ ಆ ಗೊಬ್ಬರದ ಗುರುತು ನೂರು ವರ್ಷ ಕಳೆದ ಮೇಲೂ ಮಣ್ಣಿನಲ್ಲಿ ಉಳಿದಿತ್ತು. ತಾತ ಹಾಕಿದ್ದು ಮರಿಮಗನಿಗೆ ಸಿಕ್ಕಿತು ಅನ್ನಿ.

ನಗೆ ಅನಿಲದ ಕಥೆ

ಹಾರಿಹೋಗುವ ಅನಿಲಗಳಲ್ಲಿ ಒಂದಕ್ಕೆ ನೈಟ್ರಸ್ ಆಕ್ಸೈಡ್ ಎಂದು ಹೆಸರು. ಇದನ್ನು ಮೊದಲು ತಯಾರಿಸಿದವರು ಇಂಗ್ಲೆಂಡಿನ ಪ್ರೀಸ್ಟ್ಲಿ, 1772ರಲ್ಲಿ. 1799ರಲ್ಲಿ ಹಂಫ್ರಿ ಡೇವಿ ಎಂಬವರು ಅದನ್ನು ತಾವೇ ಮೂಸಿ ನೋಡಿದರು. ಮೂಸಿದವರಿಗೆ ನಗೆ ಬರುತ್ತದೆ, ನೋವು ತಿಳಿಯುವುದಿಲ್ಲ. ಅದಕ್ಕೇ ನಗೆ ಅನಿಲ ಎಂಬ ಅಡ್ಡಹೆಸರು ಬಿತ್ತು. ಹಲ್ಲಿನ ವೈದ್ಯರು ಇದನ್ನು ಬಳಸುತ್ತಾರೆ.

ಆದರೆ ಇದರ ಇನ್ನೊಂದು ಗುಣ ನಗುವಂಥದ್ದಲ್ಲ. 1859ರಿಂದೀಚೆಗೆ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಯಾವ ಯಾವ ಅನಿಲ ಎಷ್ಟೆಷ್ಟು ಶಾಖ ಹೀರುತ್ತದೆ ಎಂದು ಅಳೆದರು. ಬರೀ ಗಾಳಿ ಶಾಖವನ್ನು ಸುಮ್ಮನೆ ಬಿಟ್ಟುಕೊಡುತ್ತಿತ್ತು. ಉರುವಲಿನಿಂದ ಹೊರಡುವ ಇಂಗಾಲದ ಡೈ ಆಕ್ಸೈಡ್, ಕೆಸರಿನಿಂದ ಏಳುವ ಮೀಥೇನ್, ಈ ನಗೆ ಅನಿಲ ಇವು ಶಾಖವನ್ನು ಹಿಡಿದುಕೊಳ್ಳುತ್ತಿದ್ದವು. ಚಳಿಯಲ್ಲಿ ಕಂಬಳಿ ಹೊದ್ದರೆ ಮೈಶಾಖ ಹೊರಗೆ ಹೋಗುವುದಿಲ್ಲವಲ್ಲ, ಹಾಗೆಯೇ ಇವು ಭೂಮಿಗೆ ಕಂಬಳಿ. ಕಂಬಳಿ ತೆಳ್ಳಗಿದ್ದರೆ ಹಿತ. ದಪ್ಪವಾಗುತ್ತ ಹೋದರೆ ಸೆಖೆ.

1939ರಲ್ಲಿ ಅಮೆರಿಕದ ಆರ್ಥರ್ ಅಡೆಲ್ ಎಂಬ ಖಗೋಳ ವಿಜ್ಞಾನಿ ಸೂರ್ಯನ ಬೆಳಕನ್ನು ಒಡೆದು ನೋಡುತ್ತಿದ್ದಾಗ, ನಮ್ಮ ವಾಯುಮಂಡಲದಲ್ಲೇ ಈ ನಗೆ ಅನಿಲ ಇದೆ ಎಂದು ಕಂಡುಕೊಂಡರು. ಮಣ್ಣಿನಿಂದ ಏಳುವ ಈ ಅನಿಲ ಮೇಲೇರಿ, ಸೂರ್ಯನ ಕೆಡುಕು ಕಿರಣಗಳನ್ನು ತಡೆಯುವ ಓಝೋನ್ ಪದರವನ್ನು ಸವೆಸುವ ವಸ್ತುವಾಗುತ್ತದೆ ಎಂದು 1970ರಲ್ಲಿ ಪೌಲ್ ಕ್ರುಟ್ಜೆನ್ ತೋರಿಸಿದರು. ಓಝೋನ್ ಕುರಿತ ಕೆಲಸಕ್ಕೆ ಅವರಿಗೆ 1995ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂತು. ಈ ಅನಿಲ ಭೂಮಿಯನ್ನು ಬಿಸಿ ಮಾಡುವುದನ್ನು 1976ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು.

ಇವತ್ತಿನ ಲೆಕ್ಕ ಹೀಗಿದೆ. ಒಂದು ಕೆಜಿ ನಗೆ ಅನಿಲ ನೂರು ವರ್ಷದಲ್ಲಿ ಹಿಡಿಯುವ ಶಾಖ, 273 ಕೆಜಿ ಇಂಗಾಲದ ಡೈ ಆಕ್ಸೈಡ್ ಹಿಡಿಯುವಷ್ಟು. ಮೇಲೆ ಹೋದದ್ದು ನೂರು ವರ್ಷಕ್ಕೂ ಮಿಕ್ಕಿ ಅಲ್ಲೇ ಇರುತ್ತದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ನೂರು ಕೋಟಿ ಪಾಲು ಗಾಳಿಯಲ್ಲಿ ಇದು ಸುಮಾರು 270 ಪಾಲು ಇತ್ತು. 2022ಕ್ಕೆ ಸುಮಾರು 336 ಆಗಿತ್ತು. ಮನುಷ್ಯರಿಂದ ಏಳುವ ಈ ಅನಿಲದಲ್ಲಿ ದೊಡ್ಡ ಪಾಲು ಬೇಸಾಯದ್ದು, ಅಂದರೆ ಗೊಬ್ಬರದ ಚೀಲ ಮತ್ತು ತಿಪ್ಪೆ ಎರಡರದೂ.

ನಮ್ಮ ಹತ್ತು ಗಾಡಿಯ ಲೆಕ್ಕ

ಎಲ್ಲ ದೇಶಗಳೂ ಒಂದೇ ರೀತಿಯಲ್ಲಿ ಲೆಕ್ಕ ಹಾಕಲೆಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಮಂಡಳಿ ಒಂದು ಕೈಪಿಡಿ ಮಾಡಿದೆ. 2019ರ ತಿದ್ದುಪಡಿಯ ಪ್ರಕಾರ, ಮಳೆ ಹೆಚ್ಚಾದ ಸೀಮೆಯಲ್ಲಿ ಸಾವಯವ ಗೊಬ್ಬರದ 100 ಕೆಜಿ ಸಾರಜನಕದಲ್ಲಿ ಸುಮಾರು 600 ಗ್ರಾಂ ನಗೆ ಅನಿಲದ ರೂಪದಲ್ಲಿ ಹೋಗುತ್ತದೆ. ಒಣ ಸೀಮೆಯಲ್ಲಿ 500 ಗ್ರಾಂ.

ನಮ್ಮ ಹೊಲಕ್ಕೆ ತಾಳೆ ನೋಡೋಣ. ಎಕರೆಗೆ ಹತ್ತು ಗಾಡಿ, ಅಂದರೆ 5 ಟನ್ ಗೊಬ್ಬರ ಹಾಕಿದಿರಿ. ನೂರಕ್ಕೆ ಅರ್ಧ ಪಾಲು ಸಾರಜನಕವಿದ್ದರೆ 25 ಕೆಜಿ ಆಯಿತು. ಅದರಲ್ಲಿ 150 ಗ್ರಾಂ ಸಾರಜನಕ ಹಾರಿದರೆ, ಆಮ್ಲಜನಕದ ತೂಕ ಸೇರಿ ನಗೆ ಅನಿಲ ಕಾಲು ಕೆಜಿಯ ಹತ್ತಿರ. ಅದು 64 ಕೆಜಿ ಇಂಗಾಲದ ಡೈ ಆಕ್ಸೈಡಿಗೆ ಸಮ. ಇನ್ನೂ ಸುಲಭವಾಗಿ ಹೇಳಬೇಕೆಂದರೆ ಸುಮಾರು 24 ಲೀಟರ್ ಡೀಸೆಲ್ ಸುಟ್ಟ ಹಾಗೆ. ಒಂದು ಎಕರೆಗೆ ಇದು ಸಣ್ಣದು. ಆದರೆ ಹನಿ ಹನಿ ಗೂಡಿದರೆ ಹಳ್ಳ. ಲೋಕದಲ್ಲಿ ಎಷ್ಟು ಎಕರೆ ಇದೆ, ನೋಡಿ.

ಹಾಗಾದರೆ ತಿಪ್ಪೆ ಬಿಟ್ಟು ಯೂರಿಯಾ ಹಾಕಿದರೆ ಒಳ್ಳೆಯದೇ ಎಂದು ನೀವು ಕೇಳಬಹುದು. ಅಲ್ಲ. ಅದೇ ಕೈಪಿಡಿಯಲ್ಲಿ, ಮಳೆಯ ಸೀಮೆಯ ರಾಸಾಯನಿಕ ಗೊಬ್ಬರಕ್ಕೆ 100 ಕೆಜಿಗೆ 1 ಕೆಜಿ 600 ಗ್ರಾಂ ಎಂದು ಲೆಕ್ಕ. ಕೆಜಿಗೆ ಕೆಜಿ ಹಿಡಿದರೆ ತಿಪ್ಪೆಗಿಂತ ಎರಡೂವರೆ ಪಟ್ಟಿಗೂ ಮೇಲು! ಯೂರಿಯಾ ಮಾಡುವ ಕಾರ್ಖಾನೆಗೆ ಉರಿಸುವ ಅನಿಲ ಬೇರೆ. ಆದ್ದರಿಂದ ತಿಪ್ಪೆಯ ಮೇಲೆ ಅಪವಾದ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಹಾಲೆಂಡಿನವರು ಕಲಿತ ಪಾಠ

ಪ್ರಮಾಣ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಹಾಲೆಂಡ್ ಸಾಕ್ಷಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಹೊರದೇಶದ ಮೇವು ತರಿಸಿ ಹಸು, ಹಂದಿ, ಕೋಳಿಗಳನ್ನು ಲೆಕ್ಕವಿಲ್ಲದಷ್ಟು ಸಾಕಿದರು. ಮೇವು ಹಡಗಿನಲ್ಲಿ ಬಂತು, ಸಗಣಿ ಅಲ್ಲೇ ಉಳಿಯಿತು. ಸಗಣಿ ನೀರನ್ನು ಹೊಲದ ಮೇಲೆ ಸುಮ್ಮನೆ ಚಿಮ್ಮಿಸುತ್ತಿದ್ದರು. ಅಮೋನಿಯದ ಘಾಟು ಹರಡಿತು, ನೈಟ್ರೇಟ್ ಬಾವಿ ನೀರಿಗೆ ಇಳಿಯಿತು. 1984ರಲ್ಲಿ ಹಂದಿ ಮತ್ತು ಕೋಳಿ ಸಾಕಣೆ ಬೆಳೆಯದಂತೆ ಸರಕಾರ ಕಾನೂನು ತಂದಿತು. 1990ರ ದಶಕದಲ್ಲಿ ಸಗಣಿ ನೀರನ್ನು ಮೇಲೆ ಚೆಲ್ಲುವಂತಿಲ್ಲ, ಯಂತ್ರದಿಂದ ನೆಲದೊಳಕ್ಕೆ ಇಳಿಸಬೇಕು ಎಂದಾಯಿತು.

ಅಮೋನಿಯ ಕಡಿಮೆಯಾಯಿತು. ಆದರೆ ನೆಲದೊಳಗೆ ಒಂದೇ ಗೆರೆಯಲ್ಲಿ ಸಗಣಿ ನೀರು ತುಂಬಿದಾಗ, ಅಲ್ಲಿ ಗಾಳಿಯಾಡದೆ ನಗೆ ಅನಿಲ ಹೆಚ್ಚಬಹುದು ಎಂಬುದೂ ಪರೀಕ್ಷೆಗಳಲ್ಲಿ ಕಂಡಿತು. ಮುಂಬಾಗಿಲು ಮುಚ್ಚಿದರೆ ಹಿತ್ತಲ ಬಾಗಿಲು ತೆರೆಯಿತು! ಹಾಗಾಗಿ ಬರೀ ಹೂಳಿದರೆ ಸಾಲದು, ಬೆಳೆ ಉಣ್ಣುವಷ್ಟೇ ಬಡಿಸಬೇಕು ಎಂಬುದು ಪಾಠ.

ನಮ್ಮ ನೆಲದ ಪ್ರಯತ್ನಗಳು

ನಮ್ಮ ದೇಶದ ಸಂಗತಿ ಬೇರೆ. ಇಲ್ಲಿ ಗೊಬ್ಬರ ಹೆಚ್ಚಾದದ್ದಲ್ಲ, ಸಾಲದೇ ಹೋದದ್ದು. ಹಿಂದೆ ಹೇಳಿದ ಆಗಸ್ಟಸ್ ವೋಲ್ಕರ್ ಅವರ ಮಗ ಜಾನ್ ಆಗಸ್ಟಸ್ ವೋಲ್ಕರ್ 1889ರಲ್ಲಿ ಭಾರತಕ್ಕೆ ಬಂದರು. ದೇಶ ಸುತ್ತಿ 1893ರಲ್ಲಿ ವರದಿ ಕೊಟ್ಟರು. ರೈತರು ಸಗಣಿಯನ್ನು ಬೆರಣಿ ತಟ್ಟಿ ಸುಡುವುದು ದಡ್ಡತನದಿಂದಲ್ಲ, ಸೌದೆ ಸಿಗದೆ ಎಂದು ಅವರು ತಿಳಿಸಿದರು. ಒಲೆಗೆ ಸೌದೆ ಬೆಳೆಸಿಕೊಟ್ಟರೆ ಸಗಣಿ ಹೊಲಕ್ಕೆ ಉಳಿಯುತ್ತದೆ ಎಂಬುದು ಅವರ ಸಲಹೆ.

1924ರಿಂದ 1931ರ ವರೆಗೆ ಇಂದೋರಿನಲ್ಲಿದ್ದ ಆಲ್ಬರ್ಟ್ ಹೋವರ್ಡ್ ಅವರು ಯಶವಂತ ವಾಡ್ ಅವರೊಡನೆ ಸೇರಿ, ಕಸಕಡ್ಡಿ, ಸಗಣಿ, ಗಂಜಲದ ಮಣ್ಣು ಪದರ ಪದರವಾಗಿ ಹಾಕಿ, ಆಗಾಗ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಕಾಂಪೋಸ್ಟ್ ಮಾಡುವ ಪದ್ಧತಿ ರೂಪಿಸಿದರು. ಇದೇ ಇಂದೋರ್ ಪದ್ಧತಿ. ಮಗುಚಿದಾಗ ಗಾಳಿಯಾಡಿ ಬೇಗ ಕೊಳೆಯುತ್ತದೆ, ಮೀಥೇನ್ ಕಡಿಮೆ ಏಳುತ್ತದೆ. ಆದರೆ ಸಾರಜನಕ ಸ್ವಲ್ಪ ಹಾರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರ ಸುಮಾರಿಗೆ ಇನ್ನೊಂದು ದಾರಿ ಹಿಡಿದರು. ಗುಂಡಿಯಲ್ಲಿ ಪದರ ಹಾಕಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಆರೆಂಟು ತಿಂಗಳು ಬಿಡುವುದು. ಇದು ಬೆಂಗಳೂರು ಪದ್ಧತಿ ಎಂದು ಹೆಸರಾಯಿತು. ಕೂಲಿ ಕಡಿಮೆ, ಸಾರಜನಕ ಹೆಚ್ಚು ಉಳಿಯುತ್ತದೆ. ಆದರೆ ಗಾಳಿಯಿಲ್ಲದ ಗುಂಡಿಯಲ್ಲಿ ಮೀಥೇನ್ ಏಳುತ್ತದೆ. ನೋಡಿ, ಇಲ್ಲೂ ಮುಂಬಾಗಿಲು, ಹಿತ್ತಲ ಬಾಗಿಲು.

ಎರಡು ಬಾಗಿಲನ್ನೂ ಕಾಯುವ ಉಪಾಯ ಗೋಬರ್ ಗ್ಯಾಸ್. 1939ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿ ಅವರು ಸಗಣಿಯಿಂದ ಅನಿಲ ಹಿಡಿಯುವ ಕೆಲಸ ಹೂಡಿದರು. 1951ರಲ್ಲಿ ಜಶಭಾಯಿ ಪಟೇಲರು ಗ್ರಾಮಲಕ್ಷ್ಮಿ ಎಂಬ ಮಾದರಿ ಮಾಡಿದರು. ಖಾದಿ ಗ್ರಾಮೋದ್ಯೋಗ ಆಯೋಗ 1960ರ ದಶಕದಲ್ಲಿ ಅದನ್ನು ಹಳ್ಳಿಗಳಿಗೆ ಒಯ್ದಿತು, 1981ರಲ್ಲಿ ರಾಷ್ಟ್ರೀಯ ಯೋಜನೆ ಬಂತು. ನಮ್ಮ ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಅದು ಚೆನ್ನಾಗಿ ಬೇರೂರಿತು. ಮೀಥೇನ್ ಒಲೆಯಲ್ಲಿ ಉರಿದು ಅನ್ನ ಬೇಯುತ್ತದೆ, ತಾಯಂದಿರ ಕಣ್ಣಿಗೆ ಹೊಗೆಯಿಲ್ಲ, ಬಗ್ಗಡದಲ್ಲಿ ಸಾರಜನಕ ಉಳಿದು ತೋಟಕ್ಕೆ ಹೋಗುತ್ತದೆ. ಆದರೆ ಅನಿಲ ಸೋರದಂತೆ ನೋಡಿಕೊಳ್ಳಬೇಕು. ಬಗ್ಗಡವನ್ನು ಬಿಸಿಲಿಗೆ ಬಿಡಬಾರದು.

ಇನ್ನು ಗೊಬ್ಬರ ಬೇಕೇ ಬೇಡವೇ ಎಂಬ ಮಾತು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ಮೇಲೆ ಪ್ರಯೋಗ ನಡೆದಿದೆ. ಬರೀ ರಾಸಾಯನಿಕ ಗೊಬ್ಬರ ಹಾಕಿದಲ್ಲಿ ವರ್ಷ ಕಳೆದಂತೆ ಇಳುವರಿ ಇಳಿಯಿತು. ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ರಾಸಾಯನಿಕ ಗೊಬ್ಬರ ಹಾಕಿದಲ್ಲಿ ಇಳುವರಿ ನಿಂತಿತು. ಕೆಂಪು ಮಣ್ಣಿಗೆ ತಿಪ್ಪೆಯೇ ಬೆನ್ನೆಲುಬು.

ಮಾಡಬೇಕಾದ್ದು

ಈ ಇತಿಹಾಸದಿಂದ ನಾವು ಮನೆಗೆ ಒಯ್ಯುವುದೇನು?

ಒಂದು: ಗಂಜಲವನ್ನು ಬಿಡಬೇಡಿ. ಸಗಣಿಗಿಂತ ಬೇಗ ಹಾರುವ ಸಾರಜನಕ ಅದರಲ್ಲಿದೆ. ಕೊಟ್ಟಿಗೆಯಲ್ಲಿ ಹುಲ್ಲು, ತರಗೆಲೆ ಹಾಸಿ ಅದು ಹೀರಿಕೊಳ್ಳುವಂತೆ ಮಾಡಿ.

ಎರಡು: ತಿಪ್ಪೆಗೆ ನೆರಳಿರಲಿ, ಮೇಲೆ ಮಣ್ಣಿನ ಹೊದಿಕೆಯಿರಲಿ, ಮಳೆ ನೀರು ಒಳಗೆ ನಿಲ್ಲದಂತೆ ಬದು ಇರಲಿ.

ಮೂರು: ಬೇಸಿಗೆಯಲ್ಲಿ ಗೊಬ್ಬರವನ್ನು ಹೊಲದಲ್ಲಿ ಗುಡ್ಡೆ ಗುಡ್ಡೆಯಾಗಿ ಹಾಕಿ ವಾರಗಟ್ಟಲೆ ಬಿಡುವ ವಾಡಿಕೆ ಬಿಡಿ. ಹರಡಿದ ಗೊಬ್ಬರದಿಂದ ಅಮೋನಿಯ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಹಾರುತ್ತದೆ. ಅದು ಬೇರೆಡೆ ಮಣ್ಣಿಗೆ ಬಿದ್ದು, ಸ್ವಲ್ಪ ಭಾಗ ನಗೆ ಅನಿಲವೂ ಆಗುತ್ತದೆ. ಬಿತ್ತನೆ ಹತ್ತಿರವಾದಾಗ, ನೆಲ ಹದವಾದಾಗ ಹರಡಿ, ಅಂದೇ ಉತ್ತು ಅಥವಾ ಕುಂಟೆ ಹೊಡೆದು ಮಣ್ಣಿಗೆ ಬೆರೆಸಿ.

ನಾಲ್ಕು: ನೀರು ನಿಂತ ನೆಲಕ್ಕೆ ಹಸಿ ಗೊಬ್ಬರ ಬೇಡ. ಗದ್ದೆಗೂ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ. ಹಸಿ ಸಗಣಿ, ಹಸಿ ಹುಲ್ಲು ನೀರಿನಡಿಯಲ್ಲಿ ಕೊಳೆತರೆ ಮೀಥೇನ್ ಹೆಚ್ಚು ಏಳುತ್ತದೆ.

ಐದು: ಗೊಬ್ಬರ ಹಾಕಿದ ಹೊಲಕ್ಕೆ ಯೂರಿಯಾ ಅಷ್ಟೇ ಹಾಕಬೇಡಿ, ತಿಪ್ಪೆಯಿಂದ ಬಂದದ್ದನ್ನು ಕಳೆದು ಹಾಕಿ. ಅದನ್ನೂ ಎರಡು ಮೂರು ಕಂತಿನಲ್ಲಿ ಕೊಡಿ. ಪೈರು ಉಣ್ಣದೆ ಬಿಟ್ಟದ್ದೇ ಕಳ್ಳನ ಪಾಲು.

ಇದರಲ್ಲಿ ದುಡ್ಡು ಕೇಳುವ ಕೆಲಸ ಹೆಚ್ಚಿಲ್ಲ, ಎಚ್ಚರ ಕೇಳುವ ಕೆಲಸವೇ ಹೆಚ್ಚು. ಹಾರಿಹೋದ ಸಾರಜನಕವನ್ನು ಅಂಗಡಿಯಿಂದ ಮತ್ತೆ ಕೊಂಡು ತರುವವರು ನಾವೇ. ಅದರಿಂದ ಹವೆ ಬಿಸಿಯಾಗಿ ಮಳೆ ಏರುಪೇರಾದಾಗ ಆಕಾಶ ನೋಡುತ್ತ ಕೂರುವವರೂ ನಾವೇ. ಎರಡು ಕಡೆಯ ನಷ್ಟವನ್ನೂ ತಡೆಯುವ ಕೆಲಸ ನಮ್ಮ ಹಿತ್ತಲಿನ ತಿಪ್ಪೆಯಿಂದ ಶುರುವಾಗಲಿ. ಈ ಮುಂಗಾರಿಗೆ ಗೊಬ್ಬರ ಹೊಡೆಯುವ ದಿನ, ಗಾಡಿಯ ಹಿಂದೆಯೇ ನೇಗಿಲೂ ಹೊರಡಲಿ.